ಸರ್ವರ್ ರೂಮ್ ಬಿಸಿಯಾದಾಗ: ಇನ್ನೊಂದು ಏಸಿ ಹಾಕಿಸುವ ಮೊದಲು ನೋಡಬೇಕಾದ ದೋಷಗಳು

ಡೇಟಾ ಸೆಂಟರ್ ಎಂದರೆ ದೊಡ್ಡ ಕಟ್ಟಡವೇ ಆಗಬೇಕಿಲ್ಲ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಳಗಿನ, ಸರ್ವರ್‌ಗಳನ್ನು ಒಂದರ ಮೇಲೊಂದು ಜೋಡಿಸುವ ನಾಲ್ಕು ರ‍್ಯಾಕ್‌ನ ಕೋಣೆ, ಮಂಡ್ಯದ ಬ್ಯಾಂಕ್ ಶಾಖೆಯ ಹಿಂಬದಿಯ ಸರ್ವರ್ ರೂಮ್, ಆಸ್ಪತ್ರೆಯ ಸ್ಕ್ಯಾನಿಂಗ್ ವಿಭಾಗದ ಯಂತ್ರಕೋಣೆ, ಮದ್ದೂರು ಹೆದ್ದಾರಿ ಬದಿಯ ಟೆಲಿಕಾಂ ಕೊಠಡಿ, ಎಲ್ಲವೂ ಇದೇ ಜಾತಿಗೆ ಸೇರಿದವು. ಒಳಗಿನ ಯಂತ್ರಗಳು ಹಗಲೂ ರಾತ್ರಿ ಬಿಸಿ ಉಗುಳುತ್ತವೆ, ಏಸಿ ಅದನ್ನು ಹೊರಗೆ ಸಾಗಿಸುತ್ತದೆ. ಮಾರ್ಚ್ ಬಂತೆಂದರೆ ಒಂದೇ ದೂರು: ಏಸಿ ಸಾಲುತ್ತಿಲ್ಲ, ಇನ್ನೊಂದು ಹಾಕಿಸಬೇಕು. ಹಾಗೆ ಹಾಕಿಸಿದ ಮೇಲೂ ಎಷ್ಟೋ ಕಡೆ ಅಲಾರಂ ನಿಲ್ಲುವುದಿಲ್ಲ. ಏಕೆಂದರೆ ಅಲ್ಲಿ ಕೊರತೆ ಇದ್ದದ್ದು ತಂಪಿನದಲ್ಲ. ತಂಪು ಗಾಳಿ ಸರ್ವರ್‌ನ ಮುಂಬಾಗಿಲಿಗೆ ತಲುಪುತ್ತಲೇ ಇರಲಿಲ್ಲ.

ಆದ್ದರಿಂದ ಈ ಕೈಪಿಡಿ ಲಕ್ಷಣದಿಂದ ಶುರುವಾಗುತ್ತದೆ. ಖರ್ಚಿಲ್ಲದ ಪರೀಕ್ಷೆ ಮೊದಲು, ಮೆಕ್ಯಾನಿಕ್ ಬೇಕಾಗುವುದು ಆಮೇಲೆ.

ಯಾವುದಕ್ಕೂ ಮೊದಲು: ನಾಲ್ಕು ಅಳತೆ

ತಂತಿಯ ತುದಿಯಲ್ಲಿ ಸೆನ್ಸರ್ ಇರುವ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಎರಡಿದ್ದರೆ ಸಾಕು. ಮೊದಲು ಎರಡನ್ನೂ ಒಂದೇ ಜಾಗದಲ್ಲಿ ಹತ್ತು ನಿಮಿಷ ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ನೋಡಿಕೊಳ್ಳಿ. ಲೇಸರ್ ಚುಕ್ಕೆ ಬಿಡುವ ಗನ್ ಥರ್ಮಾಮೀಟರ್ ಮೇಲ್ಮೈಯ ಶಾಖ ತೋರಿಸುತ್ತದೆಯೇ ಹೊರತು ಗಾಳಿಯದನ್ನಲ್ಲ. ಇಲ್ಲಿ ಅದನ್ನು ನಂಬಬೇಡಿ.

ಅಳೆಯಬೇಕಾದ ಜಾಗಗಳು ಇವು: ರ‍್ಯಾಕ್‌ನ ಮುಂಭಾಗದಲ್ಲಿ ಕೆಳಗಿನ ಸರ್ವರ್ ಗಾಳಿ ಎಳೆಯುವ ಕಡೆ, ಅದೇ ಮುಂಭಾಗದಲ್ಲಿ ಎಲ್ಲಕ್ಕಿಂತ ಮೇಲಿನ ಸರ್ವರ್ ಎದುರು, ಏಸಿಯಿಂದ ಗಾಳಿ ಹೊರಬೀಳುವ ಬಾಯಿ, ಏಸಿ ಗಾಳಿ ಹೀರುವ ಬಾಯಿ. ನಾಲ್ಕನ್ನೂ ಹತ್ತು ನಿಮಿಷದೊಳಗೆ ಬರೆದುಕೊಳ್ಳಿ. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇ ಸರ್ವರ್ ಎಳೆದುಕೊಳ್ಳುವ ಗಾಳಿಗೆ ಶಿಫಾರಸು ಮಾಡುವುದು 18ರಿಂದ 27 ಡಿಗ್ರಿ. ಈ ಅಂಕಿ ಸರ್ವರ್‌ನ ಮುಂದಿನ ಗಾಳಿಗೆ ಮಾತ್ರ. ಕೋಣೆಯ ನಡುವೆ ನಿಂತಾಗ ಚಳಿಯೋ ಸೆಕೆಯೋ ಎಂಬುದು ಲೆಕ್ಕಕ್ಕಿಲ್ಲ. ರ‍್ಯಾಕ್‌ನ ಹಿಂದೆ 35, 38 ಡಿಗ್ರಿ ಇದ್ದರೆ ಗಾಬರಿ ಬೇಡ. ಅದು ಬಿಸಿಯಾಗಿಯೇ ಇರಬೇಕಾದ ಜಾಗ.

ಅಳತೆಗಳನ್ನು ಹೀಗೆ ಓದಿ. ಏಸಿಯಿಂದ ಬರುವ ಗಾಳಿ 13ರಿಂದ 16 ಇದೆ, ಏಸಿಗೆ ಹಿಂದಿರುಗುವ ಗಾಳಿಯೂ 20ರ ಆಸುಪಾಸು, ಆದರೂ ಮೇಲಿನ ಸರ್ವರ್ ಎದುರು 29: ಏಸಿ ಸರಿಯಿದೆ, ಗಾಳಿ ದಾರಿ ತಪ್ಪಿದೆ. ಹಿಂದಿರುಗುವ ಗಾಳಿ 30, ಹೊರಬರುವುದು 25: ಯಂತ್ರದಲ್ಲೇ ದೋಷ. ಎರಡರ ನಡುವೆ 14 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಏಸಿಯೊಳಗೆ ಗಾಳಿಯೇ ಕಡಿಮೆ ಹರಿಯುತ್ತಿದೆ, ಫಿಲ್ಟರ್ ನೋಡಿ. ವ್ಯತ್ಯಾಸ 8ರಿಂದ 12ರ ಒಳಗಿದ್ದೂ ನಾಲ್ಕೂ ಅಂಕಿಗಳು ಗಂಟೆಗಂಟೆಗೆ ಏರುತ್ತಿದ್ದರೆ ಆಗ ಮಾತ್ರ ‘ಏಸಿ ಸಾಲುತ್ತಿಲ್ಲ’ ಎಂಬ ಮಾತಿಗೆ ಅರ್ಥವಿದೆ.

ಆ ಮಾತನ್ನೂ ಲೆಕ್ಕ ಹಾಕಿಯೇ ಒಪ್ಪಿ. ಯುಪಿಎಸ್ ಪರದೆಯಲ್ಲಿ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಕಾಣುತ್ತದೆ. ಸರ್ವರ್ ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯೇ ಆಗುವುದರಿಂದ ಆ ಅಂಕಿಯನ್ನು 3.5ರಿಂದ ಭಾಗಿಸಿದರೆ ಬೇಕಾದ ಟನ್ ಸಿಗುತ್ತದೆ. 6 ಕಿಲೋವ್ಯಾಟ್‌ಗೆ 1.7 ಟನ್. ಯುಪಿಎಸ್ ಕೂಡ ಅದೇ ಕೋಣೆಯಲ್ಲಿದ್ದರೆ ಅದರ ನಷ್ಟವನ್ನೂ ಸೇರಿಸಿ. ಹಾಗಾದರೆ 2 ಟನ್ ಸಾಕಲ್ಲ ಎನ್ನಿಸಬಹುದು. ಆದರೆ ಮನೆ-ಕಚೇರಿಗೆ ಮಾಡಿದ ಸ್ಪ್ಲಿಟ್ ಏಸಿಯ ಟನ್ನಿನಲ್ಲಿ ಸುಮಾರು ಕಾಲು ಪಾಲು ಗಾಳಿಯ ತೇವ ಹಿಂಡುವುದಕ್ಕೆ ಹೋಗುತ್ತದೆ. ಶಾಖ ತೆಗೆಯಲು ಉಳಿಯುವುದು ಮುಕ್ಕಾಲು ಪಾಲು, ಏಪ್ರಿಲ್ ಬಿಸಿಲಿಗೆ ಇನ್ನೂ ಕಡಿಮೆ.

ಅಂಕಿ 32 ದಾಟಿದ್ದರೆ ಹುಡುಕಾಟ ಆಮೇಲೆ

ಮೇಲಿನ ಸರ್ವರ್ ಎದುರಿನ ಗಾಳಿ 32 ಡಿಗ್ರಿ ಮುಟ್ಟಿದರೆ ಮೊದಲು ಶಾಖದ ಹೊರೆ ಇಳಿಸಿ. ಟೆಸ್ಟಿಂಗ್ ಸರ್ವರ್, ಬ್ಯಾಕಪ್ ಕೆಲಸ, ತಕ್ಷಣಕ್ಕೆ ಬೇಡದ ಯಂತ್ರಗಳನ್ನು ಕ್ರಮಬದ್ಧವಾಗಿ ಶಟ್‌ಡೌನ್ ಮಾಡಿ. 35 ದಾಟಿದರೆ ಉಳಿದವನ್ನೂ ನಿಲ್ಲಿಸಿ. ತಾನಾಗಿಯೇ ಧಡಕ್ಕನೆ ಆಫ್ ಆಗುವ ತನಕ ಕಾದರೆ ಡೇಟಾಬೇಸ್ ಕೆಡುವ ಅಪಾಯವಿದೆ.

ಬಾಗಿಲು ತೆರೆಯುವುದಾದರೆ ಪೆಡೆಸ್ಟಲ್ ಫ್ಯಾನನ್ನು ರ‍್ಯಾಕ್‌ನ ಹಿಂಬದಿಯ ಬಿಸಿ ಗಾಳಿ ಹೊರಗೆ ಹೋಗುವಂತೆ ತಿರುಗಿಸಿಡಿ. ಹೆಚ್ಚಿನವರು ಸರ್ವರ್‌ನ ಮುಖಕ್ಕೆ ಫ್ಯಾನ್ ಹಿಡಿಯುತ್ತಾರೆ. ಅದು ಅದೇ ಬಿಸಿಯನ್ನು ಕೋಣೆಯೊಳಗೆ ಕಲಕುತ್ತದೆ, ಅಷ್ಟೆ. ನೀರು ಹಾಕುವ ಏರ್ ಕೂಲರನ್ನು ಮಾತ್ರ ಎಂಥ ತುರ್ತಿನಲ್ಲೂ ಒಳಗೆ ತರಬೇಡಿ.

ಲಕ್ಷಣ: ಕರೆಂಟ್ ಬಂದಿದೆ, ಏಸಿ ಮಾತ್ರ ಓಡುತ್ತಿಲ್ಲ

ರಾತ್ರಿ ಬರುವ ಅಲಾರಂಗಳಲ್ಲಿ ಇದರದ್ದೇ ದೊಡ್ಡ ಪಾಲು. ಸರ್ವರ್ ಯುಪಿಎಸ್ ಮೇಲಿದೆ, ಏಸಿ ಅದರ ಮೇಲಿಲ್ಲ. ಕರೆಂಟ್ ಹೋಗಿ ಜನರೇಟರ್ ಎತ್ತಿಕೊಂಡು ಏಸಿ ಮತ್ತೆ ತಂಪು ಕೊಡುವ ತನಕ ಕೋಣೆ ಬಿಸಿಯಾಗುತ್ತಲೇ ಇರುತ್ತದೆ. ಚಿಕ್ಕ ಕೋಣೆಯಲ್ಲಿ ಹತ್ತು ನಿಮಿಷವೂ ಬಹಳ.

ರಿಮೋಟ್‌ನಿಂದ ಶುರು ಮಾಡಿ. ಏಸಿಯಲ್ಲಿ ‘ಆಟೋ ರೀಸ್ಟಾರ್ಟ್’ ಇದೆಯೇ, ಅದು ಆನ್ ಆಗಿದೆಯೇ? ಹಗಲಲ್ಲಿ, ಎದುರಿಗೆ ನಿಂತು, ಏಸಿಯ ಎಂಸಿಬಿ ಆಫ್ ಮಾಡಿ ಐದು ನಿಮಿಷ ಬಿಟ್ಟು ಆನ್ ಮಾಡಿ ನೋಡಿ. ಹಳೆಯ ಸೆಟ್ಟಿಂಗ್‌ನಲ್ಲೇ ತಾನಾಗಿ ಎದ್ದರೆ ಸರಿ. ಏಳದಿದ್ದರೆ ಆ ಏಸಿ ಸರ್ವರ್ ರೂಮಿಗೆ ಯೋಗ್ಯವಲ್ಲ, ಅಥವಾ ಅದಕ್ಕೆ ಹೊರಗಿನಿಂದ ಕಂಟ್ರೋಲರ್ ಕೂರಿಸಬೇಕು. ಸ್ಟೆಬಿಲೈಸರ್‌ನಲ್ಲಿ ಮೂರು ನಿಮಿಷದ ತಡೆ ಇರುವುದು ಕಂಪ್ರೆಸರ್ ಉಳಿಸುವುದಕ್ಕೆ. ಅದನ್ನು ತೆಗೆಸಬೇಡಿ.

ಮಧ್ಯರಾತ್ರಿಯ ನಂತರ ಮಾತ್ರ ತಾಪ ಏರುತ್ತಿದ್ದರೆ ‘ಸ್ಲೀಪ್’ ಗುಂಡಿ ಒತ್ತಿಹೋಗಿದೆಯೇ ನೋಡಿ. ಮಲಗಿದವರಿಗೆ ಚಳಿಯಾಗದಿರಲೆಂದು ಅದು ಸೆಟ್ಟಿಂಗನ್ನು ತಾನೇ ಏರಿಸುತ್ತದೆ. ರಿಮೋಟ್ ಇರುವ ಜಾಗದ ತಾಪ ನೋಡಿ ಓಡುವ ಸೌಲಭ್ಯವಿದ್ದರೆ ಅದನ್ನೂ ಆಫ್ ಮಾಡಿ. ರಿಮೋಟನ್ನು ಯಾರಾದರೂ ತಣ್ಣನೆಯ ಮೂಲೆಯಲ್ಲಿಟ್ಟರೆ ಏಸಿ ತನ್ನ ಕೆಲಸ ಮುಗಿಯಿತೆಂದು ನಿಲ್ಲುತ್ತದೆ.

ಎಂಸಿಬಿ ಬಿದ್ದಿದ್ದರೆ ಒಂದು ಸಲ ಎತ್ತಿ. ಮತ್ತೆ ಬಿದ್ದರೆ ಅಲ್ಲಿಗೇ ಬಿಡಿ, ಎಲೆಕ್ಟ್ರಿಷಿಯನ್ ಕರೆಸಿ. ಬೀಳುತ್ತದೆಂದು ದೊಡ್ಡ ಎಂಸಿಬಿ ಹಾಕುವುದು ತಂತಿಗೆ ಬೆಂಕಿ ಹಚ್ಚುವ ಕೆಲಸ. ಬೀದಿಗೇ ಕರೆಂಟ್ ಇಲ್ಲದಿದ್ದರೆ ಈ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ಗೆ ದೂರು ಕೊಡಲು 1912.

ಲಕ್ಷಣ: ಕೋಣೆ ಗಡಗಡ ನಡುಗಿಸುತ್ತದೆ, ಮೇಲಿನ ಸರ್ವರ್ ಮಾತ್ರ ಬಿಸಿ

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ, ಎಲ್ಲಕ್ಕಿಂತ ಕಡಿಮೆ ಖರ್ಚಿನಲ್ಲಿ ಹೋಗುವ ದೋಷವಿದು. ಹೆಚ್ಚು ತಪ್ಪು ಚಿಕಿತ್ಸೆ ಆಗುವುದೂ ಇದಕ್ಕೇ. ಸೆಟ್ಟಿಂಗನ್ನು 18ಕ್ಕೆ ಇಳಿಸುತ್ತಾರೆ, ಕೋಣೆ ಇನ್ನಷ್ಟು ಥಂಡಿಯಾಗುತ್ತದೆ, ಬಿಲ್ ಏರುತ್ತದೆ, ಮೇಲಿನ ಸರ್ವರ್ ಇದ್ದಲ್ಲೇ ಇರುತ್ತದೆ.

ಸರ್ವರ್‌ನೊಳಗಿನ ಫ್ಯಾನುಗಳು ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ದಬ್ಬುತ್ತವೆ. ಒಂದು ಕಿಲೋವ್ಯಾಟ್ ಶಾಖವನ್ನು 12 ಡಿಗ್ರಿ ಏರಿಕೆಯೊಳಗೆ ಸಾಗಿಸಲು ಸಮುದ್ರಮಟ್ಟದಲ್ಲಿ ನಿಮಿಷಕ್ಕೆ ಸುಮಾರು 147 ಘನ ಅಡಿ ಗಾಳಿ ಬೇಕು. ಮೈಸೂರು ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿ ಶೇ 7ರಷ್ಟು ತೆಳು, ಹಾಗಾಗಿ ಬೇಕಾಗುವುದು 158 ಘನ ಅಡಿ. ಮುಂದೆ ಅಷ್ಟು ತಂಪು ಗಾಳಿ ಸಿಗದಿದ್ದರೆ ಫ್ಯಾನು ಸುಮ್ಮನಿರುವುದಿಲ್ಲ. ರ‍್ಯಾಕ್‌ನ ನೆತ್ತಿಯ ಮೇಲಿಂದಲೋ, ಖಾಲಿ ಕಿಂಡಿಯಿಂದಲೋ, ಪಕ್ಕದ ಸಂದಿಯಿಂದಲೋ ಹಿಂಬದಿಯ ಬಿಸಿ ಗಾಳಿಯನ್ನೇ ಮುಂದಕ್ಕೆ ಎಳೆದುಕೊಳ್ಳುತ್ತದೆ. ಬಿಸಿ ಗಾಳಿ ಮೇಲೇ ಕೂರುವುದರಿಂದ ಪೆಟ್ಟು ಬೀಳುವುದು ಮೇಲಿನ ಸರ್ವರ್‌ಗೆ.

ಗಾಳಿಯ ದಾರಿ ಕಣ್ಣಿಗೆ ಕಾಣಿಸಲು ಊದುಬತ್ತಿ ಹಚ್ಚುವುದು ನಮ್ಮೂರಲ್ಲಿ ಸಹಜವಾಗಿ ತೋಚುವ ಉಪಾಯ. ದಯವಿಟ್ಟು ಬೇಡ. ಹೊಗೆ ಪತ್ತೆ ಮಾಡುವ ಸೆನ್ಸರ್ ಎಚ್ಚರವಾಗಿ, ಬೆಂಕಿ ನಂದಿಸುವ ಗ್ಯಾಸ್ ಸಿಲಿಂಡರ್ ಬಿಡುಗಡೆಯಾದರೆ ನಷ್ಟವೂ ಉಂಟು, ಒಳಗಿದ್ದವರಿಗೆ ಅಪಾಯವೂ ಉಂಟು. ಅದರ ಬದಲು ಕಡ್ಡಿಯ ತುದಿಗೆ ಗೇಣುದ್ದದ ರೇಷ್ಮೆ ಎಳೆ ಕಟ್ಟಿ ಕಿಂಡಿಗಳ ಎದುರು ಹಿಡಿಯಿರಿ. ಎಳೆ ಹಿಂದಿನಿಂದ ಮುಂದಕ್ಕೆ, ನಿಮ್ಮ ಕಡೆಗೆ ಹಾರಿದ ಜಾಗವೇ ಕಳ್ಳದಾರಿ.

ಸರಿಪಡಿಸುವಾಗ ಮೊದಲ ಕೆಲಸ, ರ‍್ಯಾಕ್‌ನ ಖಾಲಿ ಜಾಗಗಳಿಗೆ ಬ್ಲ್ಯಾಂಕಿಂಗ್ ಪ್ಯಾನೆಲ್, ಅಂದರೆ ಕಿಂಡಿ ಮುಚ್ಚುವ ಹಲಗೆ, ಹಾಕುವುದು. ಒಂದು ಯೂನಿಟ್‌ನ ಖಾಲಿ ಜಾಗವೆಂದರೆ ನಾಲ್ಕೂವರೆ ಸೆಂಟಿಮೀಟರ್ ಎತ್ತರದ, ರ‍್ಯಾಕ್‌ನಗಲದ ಕಿಂಡಿ. ಅಂಥವು ಹತ್ತಿದ್ದರೆ ಒಂದು ಕಿಟಕಿಯನ್ನೇ ತೆರೆದಿಟ್ಟಂತೆ. ತಾತ್ಕಾಲಿಕವೆಂದು ಥರ್ಮೋಕೋಲ್, ರಟ್ಟು ಅಂಟಿಸಬೇಡಿ, ಎರಡೂ ಬೆಂಕಿಗೆ ಸೌದೆ. ಆಮೇಲೆ ರ‍್ಯಾಕ್ ಕಂಬಗಳ ಪಕ್ಕದ ಸಂದಿ, ಕೇಬಲ್ ಇಳಿಯುವ ತೂತು. ಫಾಲ್ಸ್ ಫ್ಲೋರ್ (ಕೆಳಗಿನಿಂದ ತಂಪು ಗಾಳಿ ಬರುವ, ಎತ್ತರಿಸಿದ ಟೈಲ್ ನೆಲ) ಇದ್ದರೆ ರ‍್ಯಾಕ್‌ನ ಅಡಿಯಲ್ಲಿ ಕೇಬಲ್‌ಗೆಂದು ಕೊರೆದ ತೂತುಗಳಿಂದ ತಂಪು ಗಾಳಿ ಸೀದಾ ಹಿಂದಿನ ಬಿಸಿ ಓಣಿಗೆ ಸೋರುತ್ತದೆ. ಅವಕ್ಕೆ ಬ್ರಶ್ ಇರುವ ಮುಚ್ಚಳ ಸಿಗುತ್ತದೆ. ತೂತಿನ ಟೈಲ್‌ಗಳು ರ‍್ಯಾಕ್‌ನ ಮುಂದೆ ಮಾತ್ರ ಇರಲಿ. ಹಿಂದೆ ಇರುವ ಪ್ರತಿ ತೂತಿನ ಟೈಲೂ ವ್ಯರ್ಥ. ಸಾಧಾರಣ ಟೈಲೊಂದು ನಿಮಿಷಕ್ಕೆ 300ರಿಂದ 500 ಘನ ಅಡಿ ಗಾಳಿ ಕೊಡುತ್ತದೆ. ಅಂದರೆ ಎರಡು ಮೂರು ಕಿಲೋವ್ಯಾಟ್‌ಗೆ ಒಂದು ಟೈಲು. ಐದು ಕಿಲೋವ್ಯಾಟ್‌ನ ರ‍್ಯಾಕ್ ಎದುರು ಒಂದೇ ಟೈಲಿದ್ದರೆ ಸೆಟ್ಟಿಂಗ್ ಎಷ್ಟು ಇಳಿಸಿದರೂ ಸಾಲದು. ಟೈಲ್ ಎತ್ತುವಾಗ ಸುತ್ತ ಕೋನ್ ಇಡಿ, ಆ ಗುಂಡಿಗೆ ಕಾಲು ಜಾರಿ ಮೂಳೆ ಮುರಿದುಕೊಳ್ಳುವುದು ಸುಲಭ.

ಸ್ಪ್ಲಿಟ್ ಏಸಿ ಕೋಣೆಗಳಲ್ಲಿ ಏಸಿ ಎಲ್ಲಿದೆ ನೋಡಿ. ಅದು ರ‍್ಯಾಕ್‌ನ ಬೆನ್ನಿಗೆ ಊದುತ್ತಿದ್ದರೆ ತಂಪನ್ನೆಲ್ಲ ಬಿಸಿಗೆ ಬೆರೆಸುತ್ತಿದೆ ಎಂದರ್ಥ. ಏಸಿ ಸ್ಥಳಾಂತರಕ್ಕಿಂತ ರ‍್ಯಾಕನ್ನು ತಿರುಗಿಸುವುದು ಅಗ್ಗವಾದೀತು. ಸ್ವಿಂಗ್ ನಿಲ್ಲಿಸಿ, ರೆಕ್ಕೆಗಳನ್ನು ರ‍್ಯಾಕ್‌ನ ಮುಂದಿನ ಓಣಿಯ ನೆಲದತ್ತ ಕಟ್ಟಿಹಾಕಿ. ಯಾವ ಕಾರಣಕ್ಕೂ ರ‍್ಯಾಕ್‌ನ ನೆತ್ತಿಯ ಮೇಲೆ ಏಸಿ ಬೇಡ, ನೀರು ಸೋರಿದ ದಿನ ಪಶ್ಚಾತ್ತಾಪಪಟ್ಟು ಪ್ರಯೋಜನವಿಲ್ಲ.

ಇಷ್ಟಾದರೂ ಒಂದೇ ಜಾಗ ಬಿಸಿಯಾಗಿದ್ದರೆ ಅಲ್ಲಿರುವ ನೆಟ್‌ವರ್ಕ್ ಸ್ವಿಚ್ ನೋಡಿ. ಕೆಲವು ಸ್ವಿಚ್‌ಗಳು ಹಿಂದಿನಿಂದ ಗಾಳಿ ಎಳೆದು ಮುಂದಕ್ಕೆ ಬಿಡುತ್ತವೆ, ಕೆಲವು ಪಕ್ಕದಿಂದ ಪಕ್ಕಕ್ಕೆ. ಪೋರ್ಟ್ ಕಾಣಲೆಂದು ಮುಂದಕ್ಕೆ ಮುಖಮಾಡಿ ಕೂರಿಸಿದ ಒಂದು ಸ್ವಿಚ್, ಮೇಲೂ ಕೆಳಗೂ ಇರುವ ಸರ್ವರ್‌ಗಳಿಗೆ ಬಿಸಿ ಗಾಳಿ ಉಣಿಸುತ್ತಿರುತ್ತದೆ. ಫ್ಯಾನ್ ದಿಕ್ಕು ಬದಲಿಸುವ ಬಿಡಿಭಾಗ ಆ ಮಾದರಿಗೆ ಸಿಗುತ್ತದೆಯೇ ವಿಚಾರಿಸಿ.

ಲಕ್ಷಣ: ಏಸಿ ಓಡುತ್ತಿದೆ, ಗಾಳಿ ತಣ್ಣಗಿಲ್ಲ

ಒಳಗಿನ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ತೂರದಿದ್ದರೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಇಪ್ಪತ್ನಾಲ್ಕು ಗಂಟೆ ಓಡುವ ಯಂತ್ರಕ್ಕೆ ತಿಂಗಳಿಗೊಮ್ಮೆ ಇದು ಕಡ್ಡಾಯ.

ಆಮೇಲೆ ಔಟ್‌ಡೋರ್ ಯೂನಿಟ್. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ದೋಷ ಹೆಚ್ಚಾಗಿ ಅಡಗಿರುವುದು ಇಲ್ಲಿಯೇ. ಕಬ್ಬಿನ ಸಿಪ್ಪೆ ಉರಿಸುವ ಆಲೆಮನೆಯ ಮಸಿ, ಸಕ್ಕರೆ ಕಾರ್ಖಾನೆಯ ಚಿಮಣಿಯ ಬೂದಿ, ರಸ್ತೆಯ ಧೂಳು ಮೂರೂ ಸೇರಿ ಕಾಯಿಲ್‌ನ ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಮುಂದಿನಿಂದ ನೋಡಿದರೆ ಸ್ವಚ್ಛವಾಗಿಯೇ ಕಾಣುತ್ತದೆ, ಏಕೆಂದರೆ ಗಾಳಿ ಎಳೆಯುವುದು ಹಿಂದಿನಿಂದ. ಕೊಳೆ ಅಲ್ಲಿ. ಮೈಸೂರಿನ ಹಳೆಯ ಕಟ್ಟಡಗಳಲ್ಲಿ ಪಾರಿವಾಳದ ಗೂಡು, ಗರಿ, ಹಿಕ್ಕೆ ಇದೇ ಕೆಲಸ ಮಾಡುತ್ತವೆ.

ತೊಳೆಯುವ ಕ್ರಮ ಹೀಗೆ: ಐಸೊಲೇಟರ್ (ಯೂನಿಟ್‌ಗೆ ಕರೆಂಟ್ ಕಡಿಯುವ ಸ್ವಿಚ್) ಆಫ್ ಮಾಡಿ ಬೀಗ ಹಾಕಿ, ‘ಕೆಲಸ ನಡೆದಿದೆ’ ಎಂಬ ಚೀಟಿ ತೂಗುಹಾಕಿ. ಮೇಲಿನ ಮುಚ್ಚಳ ತೆಗೆದು ಒಳಗಿನಿಂದ ಹೊರಕ್ಕೆ, ಗಾಳಿ ಬರುವ ದಿಕ್ಕಿಗೆ ಎದುರಾಗಿ, ತೋಟದ ಪೈಪಿನ ಮೆಲ್ಲನೆಯ ನೀರು ಬಿಡಿ. ವಿದ್ಯುತ್ ಪೆಟ್ಟಿಗೆಗೆ ಪ್ಲಾಸ್ಟಿಕ್ ಹೊದಿಸಿರಿ. ಕಾರು ತೊಳೆಯುವ ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿಕೊಂಡು ಗಾಳಿ ಶಾಶ್ವತವಾಗಿ ಕಟ್ಟುತ್ತದೆ. ಆಸಿಡ್ ಬೇಡ. ಯೂನಿಟ್ ಮೂರನೇ ಮಹಡಿಯ ಗೋಡೆಗೆ ನೇತಾಡುತ್ತಿದ್ದರೆ ಸೇಫ್ಟಿ ಬೆಲ್ಟ್ ಇರುವ ಕೆಲಸದವರಿಗೇ ಬಿಡಿ.

ಸುತ್ತ ಜಾಗವಿದೆಯೇ ಎಂಬುದನ್ನೂ ನೋಡಿ. ಬಿಸಿಲು ತಡೆಯಲೆಂದು ಕಟ್ಟಿದ ಶೀಟು, ಅಂದಕ್ಕೆ ಹಾಕಿದ ಗ್ರಿಲ್, ಒಂದರೆದುರು ಒಂದು ಕೂರಿಸಿದ ಯೂನಿಟ್‌ಗಳು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆಯುವಂತೆ ಮಾಡುತ್ತವೆ. ಯೂನಿಟ್‌ನ ಹಿಂಬದಿಯ ಗಾಳಿ, ಹತ್ತು ಹೆಜ್ಜೆ ದೂರದ ನೆರಳಿನ ಗಾಳಿ ಎರಡನ್ನೂ ಅಳೆಯಿರಿ. ಮೂರು ನಾಲ್ಕು ಡಿಗ್ರಿ ವ್ಯತ್ಯಾಸವಿದ್ದರೆ ಇದೇ ದೋಷ.

ಇಷ್ಟರ ಮೇಲೂ ತಣ್ಣಗಾಗದಿದ್ದರೆ ಗ್ಯಾಸಿನ ಮಾತು. ಇಲ್ಲಿಂದ ಮುಂದೆ ಪರಿಣತ ಮೆಕ್ಯಾನಿಕ್ ಕೆಲಸ. ಆದರೆ ‘ಗ್ಯಾಸ್ ಕಮ್ಮಿ ಆಗಿದೆ, ತುಂಬಿಸೋಣ’ ಎಂಬ ಮಾತಿಗೆ ಸುಮ್ಮನೆ ತಲೆಯಾಡಿಸಬೇಡಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಪೈಪಿನ ಫ್ಲೇರ್ ಜಾಯಿಂಟ್‌ಗಳಲ್ಲಿ ಎಣ್ಣೆಯ ಜಿಡ್ಡು ಕಂಡರೆ ಅದೇ ಜಾಗ. ಸೋಪಿನ ನೊರೆ ಹಚ್ಚಿ ಖಾತ್ರಿ ಮಾಡಿಕೊಳ್ಳಬೇಕು. ಸೋರಿಕೆ ಮುಚ್ಚಿ, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಎಳೆದು, ಯೂನಿಟ್‌ನ ತಗಡಿನ ಮೇಲೆ ಬರೆದಷ್ಟು ಗ್ರಾಂ ಅನ್ನು ತೂಕ ಮಾಡಿ ತುಂಬಬೇಕು. ಆರ್-410ಎ ಗ್ಯಾಸಿನ ಯಂತ್ರದಲ್ಲಿ ಒಳಗಿನ ಕಾಯಿಲ್‌ನಲ್ಲಿ ಗ್ಯಾಸ್ 5 ಡಿಗ್ರಿಯಲ್ಲಿ ಕುದಿಯುತ್ತಿದ್ದರೆ ಕೆಳಗಿನ (ಕಡಿಮೆ ಒತ್ತಡದ) ಗೇಜು ಸುಮಾರು 120 ಪಿಎಸ್‌ಐ, ಕಂಡೆನ್ಸರ್ ಅಂದರೆ ಹೊರಗಿನ ಕಾಯಿಲ್ 45 ಡಿಗ್ರಿಯಲ್ಲಿದ್ದರೆ ಮೇಲಿನ (ಹೆಚ್ಚು ಒತ್ತಡದ) ಗೇಜು ಸುಮಾರು 380 ತೋರಿಸುತ್ತದೆ. ಎರಡೂ ಕಡಿಮೆಯಿದ್ದರೆ ಗ್ಯಾಸ್ ಕಡಿಮೆ. ಮೇಲಿನದು ಮಾತ್ರ ವಿಪರೀತ ಏರಿದ್ದರೆ ಕೊಳೆಯಾದ ಕಂಡೆನ್ಸರ್ ಅಥವಾ ಹೆಚ್ಚು ತುಂಬಿದ ಗ್ಯಾಸ್. ಕೆಳಗಿನದು ಏರಿ ಮೇಲಿನದು ಇಳಿದಿದ್ದರೆ ಕಂಪ್ರೆಸರ್ ಸವೆದಿದೆ. ಸೂಪರ್‌ಹೀಟ್ (ಗ್ಯಾಸ್ ಕುದಿದ ಮೇಲೆ ಇನ್ನೆಷ್ಟು ಬಿಸಿಯಾಗಿದೆ), ಸಬ್‌ಕೂಲಿಂಗ್ (ದ್ರವವಾದ ಮೇಲೆ ಇನ್ನೆಷ್ಟು ತಣಿದಿದೆ) ಅಂಕಿಗಳನ್ನೂ ಸರ್ವಿಸ್ ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂಜರಿಯುವವರು ಅಳೆದಿಲ್ಲ ಎಂದೇ ತಿಳಿಯಿರಿ.

ಗ್ಯಾಸ್ ಸೋರಿದ ಶಂಕೆಯಿದ್ದರೆ ಮುಚ್ಚಿದ ಕೋಣೆಯಲ್ಲಿ ನಿಲ್ಲಬೇಡಿ. ಅದು ಗಾಳಿಯನ್ನು ಪಕ್ಕಕ್ಕೆ ಸರಿಸಿ ಉಸಿರು ಕಟ್ಟಿಸುತ್ತದೆ. ಹೊಸ ಏಸಿಗಳಲ್ಲಿರುವ ಆರ್-32 ಉರಿಯಬಲ್ಲದು ಕೂಡ.

ಲಕ್ಷಣ: ಕಾಯಿಲ್ ಮೇಲೆ ಮಂಜುಗಡ್ಡೆ, ನೆಲದ ಮೇಲೆ ನೀರು

ಮಂಜು ಕಟ್ಟಲು ಎರಡೇ ಮುಖ್ಯ ಕಾರಣ: ಗಾಳಿ ಕಡಿಮೆ, ಇಲ್ಲವೇ ಗ್ಯಾಸ್ ಕಡಿಮೆ. ಕೂಲಿಂಗ್ ನಿಲ್ಲಿಸಿ ‘ಫ್ಯಾನ್’ ಮೋಡ್‌ನಲ್ಲಿ ಎರಡು ಮೂರು ಗಂಟೆ ಓಡಿಸಿ ಕರಗಿಸಿ. ಸ್ಕ್ರೂಡ್ರೈವರ್‌ನಿಂದ ಕೆತ್ತಿದರೆ ಕಾಯಿಲ್ ತೂತಾಗುತ್ತದೆ. ಕರಗುವಾಗ ಬಕೆಟ್‌ಗಟ್ಟಲೆ ನೀರು ಬರುತ್ತದೆ, ಕೆಳಗೆ ವಿದ್ಯುತ್ ಬೋರ್ಡ್ ಇದೆಯೇ ಮೊದಲೇ ನೋಡಿ. ಫಿಲ್ಟರ್ ತೊಳೆದು, ಫ್ಯಾನ್ ವೇಗ ಏರಿಸಿದ ಮೇಲೂ ಮತ್ತೆ ಕಟ್ಟಿದರೆ ಮೆಕ್ಯಾನಿಕ್ ಕರೆಸಿ.

ಮಂಜಿಲ್ಲದೆ ನೀರು ಮಾತ್ರ ಸೋರಿದರೆ ಡ್ರೇನ್ ಪೈಪಿನಲ್ಲಿ ಲೋಳೆ ಕಟ್ಟಿದೆ. ಬೆಚ್ಚನೆಯ ನೀರು ಬಿಟ್ಟು ತೊಳೆಯಿರಿ. ಪೈಪು ಮೀಟರಿಗೆ ಒಂದು ಸೆಂಟಿಮೀಟರಾದರೂ ಇಳಿಜಾರಾಗಿರಬೇಕು, ನಡುವೆ ಹೊಟ್ಟೆ ಬಿಟ್ಟಿದ್ದರೆ ಕ್ಲ್ಯಾಂಪ್ ಹಾಕಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಏಸಿಯ ಬಾಯಿಯಲ್ಲೇ ಬೆವರಿನ ಹನಿ ಕಂಡರೆ ದೋಷ ಏಸಿಯದಲ್ಲ. ಬಾಗಿಲ ಸಂದಿ, ಕೇಬಲ್ ತೂತು, ಕಿಟಕಿಯಿಂದ ಮಳೆಗಾಲದ ಗಾಳಿ ಒಳಬರುತ್ತಿದೆ. ಆ ಸಂದಿ ಮುಚ್ಚಿ, ಸೆಟ್ಟಿಂಗ್ ಏರಿಸಿ.

ಲಕ್ಷಣ: ಕಂಪ್ರೆಸರ್ ಗುಂಯ್ ಎಂದು ನಿಲ್ಲುತ್ತದೆ, ಪದೇ ಪದೇ ಟ್ರಿಪ್ ಆಗುತ್ತದೆ

ಯಾವ ಹೊತ್ತಿನಲ್ಲಿ ಟ್ರಿಪ್ ಆಗುತ್ತದೆಂದು ಒಂದು ವಾರ ಬರೆದಿಡಿ. ನಡು ಮಧ್ಯಾಹ್ನವಾದರೆ ಕಂಡೆನ್ಸರ್ ಅತಿಯಾಗಿ ಬಿಸಿಯಾಗುತ್ತಿದೆ, ಮೇಲಿನ ‘ಏಸಿ ಓಡುತ್ತಿದೆ, ಗಾಳಿ ತಣ್ಣಗಿಲ್ಲ’ ಎಂಬ ಭಾಗಕ್ಕೆ ಹೋಗಿ. ಹಳ್ಳಿಯ ಕಡೆ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕೊಡುವ ಹೊತ್ತಿಗೇ ಸರಿಯಾಗಿ ಬೀಳುತ್ತಿದ್ದರೆ ವೋಲ್ಟೇಜ್ ಕುಸಿಯುತ್ತಿದೆ. ಬಹುತೇಕ ಯಂತ್ರಗಳು 230 ವೋಲ್ಟ್‌ನಿಂದ ಶೇ 10ರಷ್ಟು ಏರಿಳಿತ ತಾಳುತ್ತವೆ. 207ಕ್ಕಿಂತ ಕೆಳಗೆ ಹೋದರೆ ಮೋಟಾರು ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ.

ಗುಂಯ್‌ಗುಟ್ಟಿ ನಿಂತರೆ ಮೊದಲು ಶಂಕಿಸಬೇಕಾದ್ದು ರನ್ ಕೆಪಾಸಿಟರ್, ಅಂದರೆ ಮೋಟಾರು ತಿರುಗಲು ನೆರವಾಗುವ ಬಿಡಿಭಾಗ. ಉಬ್ಬಿದೆಯೇ, ಎಣ್ಣೆ ಸೋರಿದೆಯೇ ಕಣ್ಣಿಗೇ ಕಾಣುತ್ತದೆ. ಮೈಕ್ರೋಫ್ಯಾರಡ್ ಅಳತೆ, ಮೇಲೆ ಬರೆದದ್ದಕ್ಕಿಂತ ಶೇ 6ಕ್ಕಿಂತ ಹೆಚ್ಚು ಇಳಿದಿದ್ದರೆ ಬದಲಿಸಬೇಕು. ಕರೆಂಟ್ ಆಫ್ ಮಾಡಿದ ಮೇಲೂ ಅದರಲ್ಲಿ ಹೊಡೆಯುವಷ್ಟು ವಿದ್ಯುತ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಖಾಲಿ ಮಾಡಲು ಬಾರದವರು ಮುಟ್ಟಬಾರದು.

ತ್ರೀಫೇಸ್ ಯಂತ್ರವಾದರೆ ಮೂರು ಫೇಸ್‌ಗಳ ಸಮತೋಲ ಮುಖ್ಯ. 410, 400, 385 ವೋಲ್ಟ್ ಎಂದಿಟ್ಟುಕೊಳ್ಳಿ. ಸರಾಸರಿ 398, ಅತಿ ದೂರದ್ದು 13 ವೋಲ್ಟ್, ಅಂದರೆ ಶೇ 3.3 ಅಸಮತೋಲ. ಕೇಳಲು ಚಿಕ್ಕದು, ಆದರೆ ಕರೆಂಟಿನ ಅಸಮತೋಲ ಇದರ ಆರರಿಂದ ಹತ್ತು ಪಟ್ಟು ಆಗುತ್ತದೆ. ಶೇ 2 ಮೀರಿದರೆ ಕಂಪ್ರೆಸರ್ ಓಡಿಸಬೇಡಿ.

ಲೈನ್ ದುರಸ್ತಿಯಾದ ಮಾರನೇ ದಿನ, ಅಥವಾ ಜನರೇಟರ್ ಕೇಬಲ್ ಬದಲಿಸಿದ ಮೇಲೆ, ಕಂಪ್ರೆಸರ್ ಕರ್ಕಶವಾಗಿ ಸದ್ದು ಮಾಡುತ್ತಾ ತಂಪನ್ನೇ ಕೊಡದಿದ್ದರೆ ತಕ್ಷಣ ಆಫ್ ಮಾಡಿ. ಫೇಸ್ ಅದಲುಬದಲಾಗಿ ಸ್ಕ್ರಾಲ್ ಕಂಪ್ರೆಸರ್ ಹಿಂದುಮುಂದಾಗಿ ತಿರುಗುತ್ತಿದೆ. ಎರಡು ತಂತಿ ಅದಲುಬದಲು ಮಾಡಿದರೆ ಸರಿಹೋಗುತ್ತದೆ, ಬಿಟ್ಟರೆ ಕಂಪ್ರೆಸರೇ ಹೋಗುತ್ತದೆ. ಫೇಸ್ ಸೀಕ್ವೆನ್ಸ್ ರಿಲೇ ಇಲ್ಲದ ಯಂತ್ರಕ್ಕೆ ಅದನ್ನು ಹಾಕಿಸಿ. ಇವೆಲ್ಲ ಹರಿಯುವ ಕರೆಂಟಿನ ಮೇಲಿನ ಕೆಲಸ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಬೇಕು.

ಲಕ್ಷಣ: ಅಲಾರಂ ಇಲ್ಲ, ಬಿಲ್ ಮಾತ್ರ ಏರುತ್ತಿದೆ

ಕೋಣೆಗೆ ಬಂದ ಒಟ್ಟು ಯೂನಿಟ್‌ಗಳನ್ನು ಯುಪಿಎಸ್‌ನಿಂದ ಸರ್ವರ್‌ಗೆ ಹೋದ ಯೂನಿಟ್‌ಗಳಿಂದ ಭಾಗಿಸಿ. ಬರುವ ಅಂಕಿಗೆ ಪಿಯುಇ ಎನ್ನುತ್ತಾರೆ. ಅದು 2 ಆಗಿದ್ದರೆ ಸರ್ವರ್‌ಗೆ ಕೊಟ್ಟ ಪ್ರತಿ ಯೂನಿಟ್‌ಗೂ ಇನ್ನೊಂದು ಯೂನಿಟ್ ತಂಪಿಗೂ ನಷ್ಟಕ್ಕೂ ಹೋಗುತ್ತಿದೆ.

ಸೆಟ್ಟಿಂಗ್ ಏರಿಸುವುದು ಬಿಡಿಗಾಸಿನ ಖರ್ಚಿಲ್ಲದ ಉಳಿತಾಯ. ಆದರೆ ಗಾಳಿಯ ಕಳ್ಳದಾರಿಗಳನ್ನು ಮುಚ್ಚಿದ ಮೇಲೆಯೇ. ಎರಡು ಮೂರು ದಿನಕ್ಕೊಮ್ಮೆ ಒಂದೊಂದೇ ಡಿಗ್ರಿ ಏರಿಸಿ, ಮೇಲಿನ ಸರ್ವರ್ ಎದುರಿನ ಅಂಕಿ 25 ಮುಟ್ಟಿದಾಗ ನಿಲ್ಲಿಸಿ. 27 ದಾಟಿಸಿದರೆ ಸರ್ವರ್‌ನೊಳಗಿನ ಫ್ಯಾನುಗಳೇ ಜೋರಾಗಿ ತಿರುಗಿ ಉಳಿಸಿದ್ದನ್ನು ತಿಂದುಹಾಕುತ್ತವೆ.

ಎರಡು ಮೂರು ಪ್ರಿಸಿಷನ್ ಏಸಿಗಳಿರುವ (ತಾಪ, ತೇವ ಎರಡನ್ನೂ ಹಿಡಿತದಲ್ಲಿಡುವ, ಸರ್ವರ್ ಕೋಣೆಗೆಂದೇ ಮಾಡಿದ ಏಸಿ) ಹಾಲ್‌ಗಳಲ್ಲಿ ಪ್ರತಿಯೊಂದರ ಪರದೆಯನ್ನೂ ಒಂದೇ ಹೊತ್ತಿಗೆ ನೋಡಿ. ಒಂದು ತೇವ ತೆಗೆಯುತ್ತಿರುತ್ತದೆ, ಪಕ್ಕದ್ದು ನೀರು ಕಾಯಿಸಿ ತೇವ ಸೇರಿಸುತ್ತಿರುತ್ತದೆ. ಸೆನ್ಸರ್‌ಗಳು ಒಂದಕ್ಕೊಂದು ತಾಳೆಯಾಗದಿದ್ದಾಗ ಹೀಗಾಗುತ್ತದೆ. ತೇವಾಂಶ ಶೇ 60 ಮೀರದಿದ್ದರೆ ಸಾಕು. ಎಲ್ಲ ಯಂತ್ರಗಳಿಗೂ ಒಂದೇ ಸೆಟ್ಟಿಂಗ್ ಕೊಟ್ಟು, ತೇವ ಸೇರಿಸಲು ಶುರುವಾಗುವ ಅಂಕಿಗೂ ತೆಗೆಯಲು ಶುರುವಾಗುವ ಅಂಕಿಗೂ ನಡುವಿನ ಅಂತರ ಅಗಲವಾಗಿಡಿ. ಮೈಸೂರಿನ ಹವೆಗೆ ಹ್ಯೂಮಿಡಿಫೈಯರ್ ಬೇಕಾಗುವ ದಿನಗಳು ಬಹಳ ಕಡಿಮೆ. ಬೇಕೇ ಬೇಕೆಂದರೆ, ಎಲೆಕ್ಟ್ರೋಡ್ ಮಾದರಿಯದಕ್ಕೆ ಬೋರ್‌ವೆಲ್ ಗಡಸು ನೀರು ಹಾಕಿದರೆ ಸುಣ್ಣ ಕಟ್ಟುತ್ತದೆ, ಆರ್‌ಒ ನೀರು ಹಾಕಿದರೆ ಅದರಲ್ಲಿ ವಿದ್ಯುತ್ ಹರಿಯದೆ ಆವಿಯೇ ಬರುವುದಿಲ್ಲ.

ಫ್ಯಾನ್ ವೇಗ ಬದಲಿಸಬಲ್ಲ ಏಸಿಗಳಿದ್ದರೆ ಎರಡು ಪೂರ್ತಿ ವೇಗದಲ್ಲಿ, ಮೂರನೆಯದು ವಿಶ್ರಾಂತಿಯಲ್ಲಿ ಎಂಬ ಪದ್ಧತಿ ಬಿಡಿ. ಫ್ಯಾನ್ ತಿನ್ನುವ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಮೂರನ್ನೂ ಮೂರನೇ ಎರಡು ವೇಗದಲ್ಲಿ ಓಡಿಸಿದರೆ ಗಾಳಿ ಅಷ್ಟೇ, ಫ್ಯಾನಿನ ವಿದ್ಯುತ್ ಅರ್ಧಕ್ಕಿಂತ ಕಡಿಮೆ. ಒಂದು ಕೆಟ್ಟರೆ ಉಳಿದೆರಡು ವೇಗ ಏರಿಸಿಕೊಳ್ಳುತ್ತವೆ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೊರಗಿನ ಗಾಳಿ 20 ಡಿಗ್ರಿಗಿಂತ ಕೆಳಗಿಳಿದಾಗ ಅದನ್ನೇ ಬಳಸಬಹುದಲ್ಲ ಎನ್ನುವುದು ನ್ಯಾಯವಾದ ಪ್ರಶ್ನೆ. ಬಳಸಬಹುದು. ಆದರೆ ಮಸಿ, ಬೂದಿ ಇರುವ ಕಡೆ ಗಾಳಿಯನ್ನು ನೇರವಾಗಿ ಒಳಗೆ ಬಿಡದೆ, ನಡುವೆ ಹೀಟ್ ಎಕ್ಸ್‌ಚೇಂಜರ್ ಇಟ್ಟು ತಂಪನ್ನಷ್ಟೇ ತೆಗೆದುಕೊಳ್ಳುವ ವ್ಯವಸ್ಥೆ ಬೇಕು.

ಲಕ್ಷಣ: ಚಿಲ್ಲರ್ ಇದೆ, ನೀರು ತಣ್ಣಗೆ ಬರುತ್ತಿಲ್ಲ

ಚಿಲ್ಲರ್ ಎಂದರೆ ನೀರನ್ನು ತಣ್ಣಗೆ ಮಾಡಿ ಏಸಿ ಕಾಯಿಲ್‌ಗಳಿಗೆ ಕಳಿಸುವ ಯಂತ್ರ. ಅದರಿಂದ ಹೋಗುವ ನೀರು, ಅದಕ್ಕೆ ಮರಳಿ ಬರುವ ನೀರಿನ ತಾಪ ನೋಡಿ. ನಡುವೆ 5–6 ಡಿಗ್ರಿ ಇರಬೇಕಾದ ಕಡೆ ಎರಡೇ ಇದ್ದರೆ ತಂಪು ನೀರು ಕಾಯಿಲ್‌ಗೆ ಹೋಗದೆ ತೆರೆದುಕೊಂಡ ಬೈಪಾಸ್ ವಾಲ್ವ್‌ನಿಂದ ಸುಮ್ಮನೆ ಸುತ್ತುತ್ತಿದೆ. ವ್ಯತ್ಯಾಸ ಹೆಚ್ಚಿದ್ದು ಹರಿವು ಕಡಿಮೆಯಿದ್ದರೆ ಸ್ಟ್ರೇನರ್ (ಪೈಪಿನ ಕಸ ಸೋಸುವ ಜಾಲರಿ) ಕಟ್ಟಿದೆ ಅಥವಾ ಪೈಪಿನಲ್ಲಿ ಗಾಳಿ ಸಿಕ್ಕಿದೆ. ಮೇಲ್ತುದಿಯ ಏರ್ ವೆಂಟ್ ಬಿಡಿಸಿ. ಕೂಲಿಂಗ್ ಟವರ್‌ನಲ್ಲಿ ಫ್ಯಾನಿನ ಬೆಲ್ಟ್ ಜಾರುತ್ತಿದೆಯೇ, ನೀರು ಚಿಮ್ಮುವ ನಾಜಲ್ ಕಟ್ಟಿದೆಯೇ, ಫಿಲ್‌ನಲ್ಲಿ (ನೀರು ಹರಡಿ ಇಳಿಯುವ ಪದರಗಳಲ್ಲಿ) ಸುಣ್ಣ ಕೂತಿದೆಯೇ ನೋಡಿ. ಅದೇ ಸುಣ್ಣ ಕಂಡೆನ್ಸರ್ ಟ್ಯೂಬಿನೊಳಗೂ ಇರುತ್ತದೆ. ಡೀಸ್ಕೇಲಿಂಗ್ ಅನ್ನು ರಾಸಾಯನಿಕ ಬಲ್ಲವರಿಗೇ ವಹಿಸಿ. ಟವರ್ ಶುಚಿ ಮಾಡುವವರು ಮಾಸ್ಕ್ ಧರಿಸಲೇಬೇಕು. ನಿಂತ ನೀರಿನ ತುಂತುರಿನಲ್ಲಿರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಮಾರಕ. ಎಲ್ಲ ಸರಿಯಾದ ಮೇಲೆ ಚಿಲ್ಲರ್ ನೀರನ್ನು ಒಂದು ಡಿಗ್ರಿ ಏರಿಸಿದರೆ ಕಂಪ್ರೆಸರ್ ವಿದ್ಯುತ್ತಿನಲ್ಲಿ ಶೇ 2–3 ಉಳಿಯುತ್ತದೆ.

ಲಕ್ಷಣ: ಯುಪಿಎಸ್ ಬ್ಯಾಟರಿ ಬೇಗ ಸಾಯುತ್ತಿದೆ

ಸರ್ವರ್‌ಗೆ 27 ಡಿಗ್ರಿ ನಡೆಯುತ್ತದೆಂದು ಬ್ಯಾಟರಿ ಕೋಣೆಯನ್ನೂ ಬಿಸಿ ಬಿಟ್ಟರೆ ಹೀಗಾಗುತ್ತದೆ. ಸೀಲ್ ಮಾಡಿದ ಲೆಡ್ ಬ್ಯಾಟರಿಗೆ ಬೇಕಾದ್ದು 25. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ. ಆದ್ದರಿಂದ ಬ್ಯಾಟರಿಯನ್ನು ಬೇರೆ ಕೋಣೆಯಲ್ಲಿಟ್ಟು ಅದಕ್ಕೊಂದು ಚಿಕ್ಕ ಏಸಿ ಕೊಟ್ಟರೆ, ಸರ್ವರ್ ಹಾಲ್‌ನ ಸೆಟ್ಟಿಂಗ್ ಧೈರ್ಯವಾಗಿ ಏರಿಸಬಹುದು. ಬ್ಯಾಟರಿ ಉಬ್ಬಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಹೋಗಬೇಡಿ, ಅಲ್ಲಿನ ಲೈಟ್ ಸ್ವಿಚ್ ಕೂಡ ಒತ್ತಬೇಡಿ. ಚಾರ್ಜಿಂಗನ್ನು ಹೊರಗಿನ ಬ್ರೇಕರ್‌ನಿಂದ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಗಾಳಿ ಚೆನ್ನಾಗಿ ಆಡಿದ ಮೇಲೆ ಬ್ಯಾಟರಿಯವರನ್ನು ಒಳಗೆ ಬಿಡಿ.